ಆ ರಾತ್ರಿಯ ಲೆಕ್ಕ ಇಡಬೇಕಾದವರು ಯಾರು?

2021ರ ಮೇ 2, ಭಾನುವಾರ ರಾತ್ರಿ. ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಕೋವಿಡ್ ರೋಗಿಗಳು ಉಸಿರಿಗಾಗಿ ಒದ್ದಾಡ್ತಾ ಇದ್ದರು. ಆ ಭಾನುವಾರ, ಸೋಮವಾರದ ನಡುವೆ 24 ಜನ ಸತ್ತರು.

ಆಮೇಲೆ ಶುರುವಾಗಿದ್ದು ಹೆಣದ ಲೆಕ್ಕದ ಜಗಳ. ಆಕ್ಸಿಜನ್ ಇಲ್ಲದೆ ಸತ್ತವರು ಮೂರೇ ಜನ ಅಂತ ಸರ್ಕಾರ ಹೇಳಿತು. ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ, ಆ ರಾತ್ರಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆ ಇದ್ದದ್ದು ನಿಜ ಅಂತ ವರದಿ ಕೊಟ್ಟಿತು.

ನಾನು ಕೇಳ್ತಿರೋದು ಬೇರೆ ಲೆಕ್ಕ. ಒಂದು ಜಂಬೋ ಸಿಲಿಂಡರಿನಲ್ಲಿ ಇರೋದು ಸುಮಾರು 7,000 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು ಹನ್ನೊಂದೂವರೆ ಗಂಟೆ ಬರುತ್ತೆ. 60 ಲೀಟರ್ ಬೇಕಾದವರಿಗೆ ಎರಡು ಗಂಟೆಯೂ ಬರಲ್ಲ. ಇದೇನು ದೊಡ್ಡ ವಿಜ್ಞಾನ ಅಲ್ಲ ಸ್ವಾಮಿ, ಐದನೇ ಕ್ಲಾಸಿನ ಭಾಗಾಕಾರ! ರೋಗಿಗಳು ಎಷ್ಟು, ಸಿಲಿಂಡರ್ ಎಷ್ಟು, ಮೈಸೂರಿನಿಂದ ಗಾಡಿ ಬರೋದು ಎಷ್ಟು ಹೊತ್ತಿಗೆ? ಸಂಜೆ ಆರಕ್ಕೆ ಕೂತು ಲೆಕ್ಕ ಹಾಕಿದರೆ ರಾತ್ರಿ ಹನ್ನೆರಡಕ್ಕೆ ಏನಾಗುತ್ತೆ ಅಂತ ಗೊತ್ತಾಗುತ್ತೆ.

ಆ ಲೆಕ್ಕ ವಾರ್ಡಿನ ನರ್ಸ್ ಹಾಕೋದಲ್ಲ. ಆಕೆ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡ್ತಿರ್ತಾಳೆ. ಹಾಕಬೇಕಾದವರು ಆಸ್ಪತ್ರೆಯ ಮುಖ್ಯಸ್ಥರು, ಜಿಲ್ಲೆಯ ಮುಖ್ಯಸ್ಥರು. ಆಗ ಇಡೀ ರಾಜ್ಯದಲ್ಲೇ ಆಕ್ಸಿಜನ್ ಅಭಾವ ಇತ್ತು, ಒಪ್ಪೋಣ. ಆದರೆ ಅಭಾವ ಇದ್ದಾಗಲೇ ಅಲ್ವಾ ಲೆಕ್ಕ ಬೇಕಾಗೋದು?

ಇನ್ನೊಂದು ಮಾತು. ಯಾವ ಆಸ್ಪತ್ರೆಯಲ್ಲೇ ಆಗಲಿ, "ಸರ್, ಇದು ರಾತ್ರಿಗೆ ಸಾಲಲ್ಲ" ಅಂದ ನರ್ಸಿಗೆ ಬೈಗುಳ ಸಿಕ್ಕಿದರೆ, ನಾಳೆಯಿಂದ ಆಕೆ ಬಾಯಿ ಬಿಡಲ್ಲ. ಕೆಟ್ಟ ಸುದ್ದಿ ಮೇಲಕ್ಕೆ ಹೋಗೋ ದಾರಿ ಮುಚ್ಚಿತು ಅಂತಲೇ ಅರ್ಥ. ಆ ದಾರಿ ತೆರೆದಿಡೋದೇ ಯಜಮಾನನ ಮೊದಲ ಕೆಲಸ. ಅವಘಡ ಆದಮೇಲೆ ಕೆಳಗಿನ ಒಬ್ಬರನ್ನು ಸಸ್ಪೆಂಡ್ ಮಾಡಿ ಕೈತೊಳೆದುಕೊಂಡರೆ ಇನ್ನೊಂದು ಅವಘಡಕ್ಕೆ ಬಾಗಿಲು ತೆಗೆದ ಹಾಗೆ.

ನಿಮ್ಮೂರಿನ ಆಸ್ಪತ್ರೆಗೆ ಹೋದಾಗ ಗ್ರಾನೈಟ್ ನೆಲ, ಹೊಸ ಸ್ಕ್ಯಾನಿಂಗ್ ಯಂತ್ರ ನೋಡಿ ಮರುಳಾಗಬೇಡಿ. ನಡುರಾತ್ರಿ ಏನಾದರೂ ಕೈಕೊಟ್ಟರೆ ಇಲ್ಲಿ ಫೋನ್ ಎತ್ತೋರು ಯಾರು ಅಂತ ಕೇಳಿ. ಹೆಸರು ಹೇಳೋಕೆ ಅವರು ತಡವರಿಸಿದರೆ, ಚಾಮರಾಜನಗರದ ಆ ರಾತ್ರಿಯನ್ನು ನೆನಪು ಮಾಡಿ ಕೊಡಿ.