ಕೀವ್‌ನ ಜಗಳ, ಅರಕಲಗೂಡಿನ ಗೊಬ್ಬರ

2023ರಲ್ಲಿ ರೋಹಿಣಿ ಮಳೆ ಶುರುವಾಗಿತ್ತು. ಹಾಸನದ ಎಪಿಎಂಸಿಯಿಂದ ಜಲಂಧರ್‌ನ ಬಿತ್ತನೆ ಆಲೂಗಡ್ಡೆ ಹಳ್ಳಿಗಳಿಗೆ ಹೋಗ್ತಿತ್ತು. ಅರಕಲಗೂಡು ಕಡೆಯ ರೈತರು ಅದರ ಹಿಂದಿನ ವರ್ಷದಿಂದ ಕೇಳ್ತಿದ್ದ ಪ್ರಶ್ನೆ ಒಂದೇ: "ಅಲ್ಲಾ ಸ್ವಾಮಿ, ಅವರ್ಯಾರೋ ರಷ್ಯಾ, ಉಕ್ರೇನ್‌ನೋರು ಹೊಡೆದಾಡಿದ್ರೆ ನಮ್ಮ ಪೊಟ್ಯಾಷ್ ಬೆಲೆ ಯಾಕೆ ಏರಬೇಕು?"

ಇದಕ್ಕೆ ಉತ್ತರ ಸುಲಭ. ಆಲೂಗಡ್ಡೆಗೆ ಪೊಟ್ಯಾಷ್ ಬೇಕೇ ಬೇಕು. ನಮ್ಮ ದೇಶ ಅದನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದ ತರಿಸುತ್ತೆ. ಮಾರೋ ದೊಡ್ಡ ದೇಶಗಳಲ್ಲಿ ರಷ್ಯಾ ಒಂದು, ಅದರ ಜೊತೆಗಾರ ಬೆಲಾರುಸ್ ಇನ್ನೊಂದು. ಬೆಲಾರುಸ್ ಮೇಲಿನ ನಿರ್ಬಂಧದಿಂದ ಬೆಲೆ ಮೊದಲೇ ಏರಿತ್ತು, ಯುದ್ಧ ಬೆಂಕಿಗೆ ತುಪ್ಪ ಸುರೀತು.

ಕಷ್ಟದ ಪ್ರಶ್ನೆ ಬೇರೆ ಇದೆ. ಅವರು ಹೊಡೆದಾಡ್ತಿರೋದು ಯಾಕೆ?

ಹೊಳೆನರಸೀಪುರಕ್ಕೋ ಚನ್ನರಾಯಪಟ್ಟಣಕ್ಕೋ ಹೋಗಿ, ಕೋರ್ಟಿನ ಮುಂದೆ ಬದು ಒತ್ತುವರಿ ಕೇಸಿನವರನ್ನ ಮಾತಾಡಿಸಿ. ಕಾಗದದಲ್ಲಿರೋದು ಅರ್ಧ ಗುಂಟೆ ಜಮೀನು. ಒಳಗಿರೋದು ಭಾಗ ಆದಾಗಿನ ಹಗೆ. ತಮ್ಮ ಬೇರೆ ಮನೆ ಮಾಡಿದ್ದನ್ನೇ ಅಣ್ಣ ಒಪ್ಪಿರಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಭಾಗ ಆಯ್ತು. ಉಕ್ರೇನ್ ನೆಲದಲ್ಲಿ ಉಳಿದಿದ್ದ ಅಣ್ವಸ್ತ್ರಗಳನ್ನ ಬಿಟ್ಟುಕೊಡೋಕೆ ಅದು ಒಪ್ಪಿತು. ಬದಲಿಗೆ 1994ರಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಅದರ ಗಡಿಯನ್ನ ಗೌರವಿಸ್ತೀವಿ ಅಂತ ಸಹಿ ಹಾಕಿದರು. ಇಪ್ಪತ್ತೇ ವರ್ಷ. 2014ರಲ್ಲಿ ಕ್ರಿಮಿಯಾ ರಷ್ಯಾದ ಪಾಲಾಯ್ತು.

ನ್ಯಾಟೊ ಹತ್ತಿರ ಬಂತು, ಅದಕ್ಕೇ ಯುದ್ಧ ಅನ್ನೋ ವಾದ ಇದೆ. ತಳ್ಳಿಹಾಕುವ ಮಾತಲ್ಲ. 2008ರಲ್ಲಿ ಬುಕಾರೆಸ್ಟ್ ಸಭೆಯಲ್ಲಿ ಉಕ್ರೇನ್ ಒಂದು ದಿನ ಸದಸ್ಯ ಆಗುತ್ತೆ ಅಂದರು, ಯಾವಾಗ ಅಂತ ಹೇಳಲಿಲ್ಲ. ಬಾಗಿಲು ತೆಗೆದಿಟ್ಟು ಒಳಗೆ ಕರೆಯದೇ ಹೊರಗೆ ನಿಲ್ಲಿಸಿದ ಹಾಗೆ. ಪಶ್ಚಿಮದವರ ದೊಡ್ಡ ತಪ್ಪು ಇದು ಅಂತ ನನ್ನ ಅಭಿಪ್ರಾಯ.

ಆದರೆ 2023ರ ಏಪ್ರಿಲ್‌ನಲ್ಲಿ ಫಿನ್ಲೆಂಡ್ ನ್ಯಾಟೊ ಸೇರ್ತಲ್ಲ? ರಷ್ಯಾ ಜೊತೆ ಅದರ ಗಡಿ 1,300 ಕಿಲೋಮೀಟರ್‌ಗೂ ಹೆಚ್ಚು. ಮಾಸ್ಕೋ ಗುಡುಗಿತು, ಟ್ಯಾಂಕ್ ನುಗ್ಗಿಸಲಿಲ್ಲ. ಇನ್ನೊಂದು ನೋಡಿ. 2013ರ ನವೆಂಬರ್‌ನಲ್ಲಿ ಕೀವ್‌ನ ಜನ ಬೀದಿಗಿಳಿದಿದ್ದು ನ್ಯಾಟೊಗಾಗಿ ಅಲ್ಲ. ಯುರೋಪಿಯನ್ ಒಕ್ಕೂಟದ ಜೊತೆಗಿನ ಒಪ್ಪಂದಕ್ಕೆ ಅಧ್ಯಕ್ಷ ಯಾನುಕೋವಿಚ್ ಕೊನೇ ಗಳಿಗೆಯಲ್ಲಿ ಹಿಂದೇಟು ಹಾಕಿದ್ದಕ್ಕೆ. ಮೂರು ತಿಂಗಳಲ್ಲಿ ಆತ ಓಡಿಹೋದರು, ಕೂಡಲೇ ಕ್ರಿಮಿಯಾ ಹೋಯ್ತು. ರಷ್ಯಾದ ಕಪ್ಪು ಸಮುದ್ರದ ನೌಕಾನೆಲೆ ಇರೋದು ಅಲ್ಲೇ, ಸೆವಾಸ್ತೊಪೋಲ್‌ನಲ್ಲಿ.

2021ರ ಜುಲೈನಲ್ಲಿ ಪುಟಿನ್ ಒಂದು ಉದ್ದನೆಯ ಲೇಖನ ಬರೆದರು. ರಷ್ಯನ್ನರು, ಉಕ್ರೇನಿಯನ್ನರು ಒಂದೇ ಜನ ಅನ್ನೋದು ಅದರ ತಿರುಳು. ಏಳು ತಿಂಗಳಲ್ಲಿ, 2022ರ ಫೆಬ್ರವರಿ 24ಕ್ಕೆ, ಸೈನ್ಯ ನುಗ್ಗಿತು. ಭಾಗ ಆಗಿದ್ದನ್ನೇ ಒಪ್ಪದ ಅಣ್ಣನ ಮಾತು ಅದು.

ಹಾಗಾಗಿ "ನ್ಯಾಟೊ ಸೇರಲ್ಲ ಅಂತ ಬರೆದುಕೊಟ್ಟರೆ ಮುಗೀತು" ಅನ್ನೋರನ್ನ ನಾನು ನಂಬಲ್ಲ. 2022ರ ಮಾರ್ಚ್‌ನಲ್ಲಿ ಇಸ್ತಾನ್‌ಬುಲ್ ಮಾತುಕತೆಯಲ್ಲಿ ಉಕ್ರೇನ್, ಭದ್ರತೆಯ ಖಾತ್ರಿ ಕೊಟ್ಟರೆ ತಟಸ್ಥವಾಗಿ ಇರ್ತೀವಿ ಅಂದಿತ್ತು. ಯುದ್ಧ ನಿಂತಿಲ್ಲ.

ಅಲ್ಲೀತನಕ ಲೆಕ್ಕ ನಮ್ಮ ಮೇಲೂ ಬರುತ್ತೆ. 2023ರಲ್ಲಿ ಡಿಎಪಿ ಮೂಟೆ 1,350 ರೂಪಾಯಿಗೆ ಸಿಗ್ತಿತ್ತು ಅಂದರೆ ಉಳಿದದ್ದನ್ನ ಸರ್ಕಾರ ತುಂಬುತ್ತಿತ್ತು ಅಂತ. 2022-23ರಲ್ಲಿ ಗೊಬ್ಬರದ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ಮುಟ್ಟಿತು. ಅದೂ ನಮ್ಮ ನಿಮ್ಮ ತೆರಿಗೆ ದುಡ್ಡೇ.