ಮೊದಲು ಕೇಳಿ, ಆಮೇಲೆ ಮಾತಾಡಿ



ಟವರ್ ಬಿದ್ದರೆ ನಿಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನ್ ಬರೀ ಒಂದು ಟಾರ್ಚ್. ಅದೂ ಚಾರ್ಜ್ ಇರೋವರೆಗೆ ಮಾತ್ರ. ಮಲೆನಾಡಿನವರಿಗೆ, ಕೊಡಗಿನವರಿಗೆ ಇದನ್ನ ನಾನು ವಿವರಿಸಬೇಕಾಗಿಲ್ಲ. ಜೋರು ಮಳೆಗೆ ಕರೆಂಟ್ ಹೋಗತ್ತೆ, ಟವರಿನ ಬ್ಯಾಟರಿ ಖಾಲಿಯಾಗತ್ತೆ, ಊರಿಗೆ ಊರೇ ಮೌನ. ಆ ಮೌನದಲ್ಲೂ ಮಾತಾಡಬಲ್ಲ ಒಂದು ಹವ್ಯಾಸ ಇದೆ. ಅದು ಹ್ಯಾಮ್ ರೇಡಿಯೋ.

2004ರ ಡಿಸೆಂಬರ್ ನೆನಪಿಸಿಕೊಳ್ಳಿ. ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದ ಜೊತೆ ಪೋರ್ಟ್‌ಬ್ಲೇರ್‌ನಲ್ಲಿದ್ದರು. ಅಂಡಮಾನ್‌ನಿಂದ ಜಗತ್ತಿನ ಹವ್ಯಾಸಿಗಳ ಜೊತೆ ಮಾತಾಡೋದಷ್ಟೇ ಅವರ ಉದ್ದೇಶ. 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ದೂರವಾಣಿ ಸಂಪರ್ಕ ಕಡಿಯಿತು. ಹವ್ಯಾಸಕ್ಕೆ ತಂದಿದ್ದ ಸೆಟ್ಟೇ ಆಗ ದ್ವೀಪಕ್ಕೂ ಮುಖ್ಯಭೂಮಿಗೂ ನಡುವಿನ ಕೊಂಡಿಯಾಯಿತು. ನಮ್ಮವರು ಬದುಕಿದ್ದಾರಾ ಅಂತ ಕಾದಿದ್ದ ಮನೆಗಳಿಗೆ ಅದರಿಂದ ಸುದ್ದಿ ತಲುಪಿತು.

ಇದು ಹೇಗೆ ಸಾಧ್ಯ? ಶಾರ್ಟ್‌ವೇವ್ ತರಂಗಕ್ಕೆ ಟವರೂ ಬೇಡ, ಉಪಗ್ರಹವೂ ಬೇಡ. ಆಕಾಶದಲ್ಲಿರುವ ಅಯಾನುಗೋಳ ಎಂಬ ಪದರಕ್ಕೆ ಹೋಗಿ, ಬಾಗಿ, ನೂರಾರು ಕಿಲೋಮೀಟರ್ ಆಚೆ ಇಳಿಯತ್ತೆ. 7 ಮೆಗಾಹರ್ಟ್ಸ್‌ಗೆ ಬೇಕಾದ ಸರಳ ಆಂಟೆನಾ ಅಂದ್ರೆ ಸುಮಾರು 20 ಮೀಟರ್ ತಾಮ್ರದ ತಂತಿ. ಮಧ್ಯಕ್ಕೆ ಕತ್ತರಿಸಿ, ಅಲ್ಲಿಂದ ಸೆಟ್ಟಿಗೆ ಕೇಬಲ್ ಎಳೆದು, ಎರಡು ತುದಿಯನ್ನ ಎರಡು ತೆಂಗಿನ ಮರಕ್ಕೆ ಕಟ್ಟಿದರಾಯಿತು. ಕರೆಂಟ್ ಇಲ್ಲಾಂದ್ರೆ ಕಾರಿನ ಬ್ಯಾಟರಿ ಸಾಕು. ನಾನು ಎಂಜಿನಿಯರಿಂಗ್ ಓದಿದವನು. ಕ್ಲಾಸಿನಲ್ಲಿ ಬೋರ್ಡ್ ಮೇಲಿನ ಸೂತ್ರವಾಗಿದ್ದ ಆಂಟೆನಾ ಇಲ್ಲಿ ಕೈಕೆಲಸ. ವಿದ್ಯಾರ್ಥಿಗಳೇ, ಇದನ್ನ ಗಮನಿಸಿ.

ಶುರು ಮಾಡೋದು ಹೇಗೆ? ಮೊದಲು ಕೇಳಿ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ರಿಸೀವರನ್ನ ಇಂಟರ್ನೆಟ್ ಮೂಲಕ ನಿಮ್ಮ ಮನೆಯಿಂದಲೇ ತಿರುಗಿಸಿ ಕೇಳಬಹುದು. ಒಂದು ವಾರ ಕೇಳಿ. ಯಾರು ಹೇಗೆ ಕರೀತಾರೆ, ಹೇಗೆ ಉತ್ತರ ಕೊಡ್ತಾರೆ ಅಂತ ಗೊತ್ತಾಗತ್ತೆ.

ಆಮೇಲೆ ಪರೀಕ್ಷೆ. ಕೇಂದ್ರ ದೂರಸಂಪರ್ಕ ಇಲಾಖೆ ನಡೆಸತ್ತೆ. 12 ವರ್ಷ ತುಂಬಿರಬೇಕು. ಡಿಗ್ರಿ ಬೇಡ. ಸ್ವಲ್ಪ ಎಲೆಕ್ಟ್ರಾನಿಕ್ಸ್, ಸ್ವಲ್ಪ ನಿಯಮಾವಳಿ ಗೊತ್ತಿದ್ದರೆ ಮೊದಲ ಹಂತದ ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಸಾಕು. ಮೇಲಿನ ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕೋಡ್ ಕೂಡ ಬರಬೇಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದಕ್ಕೆ ತರಗತಿ ನಡೆಸುತ್ತಾ ಬಂದಿದೆ. ಪಾಸಾಗಿ ಲೈಸೆನ್ಸ್ ಬಂದರೆ ನಿಮಗೊಂದು ಕರೆಸಂಕೇತ ಸಿಗತ್ತೆ. ಜಗತ್ತಿನಲ್ಲಿ ಅದು ಇನ್ನೊಬ್ಬರಿಗಿಲ್ಲ. ರಾಜೀವ್ ಗಾಂಧಿ ಅವರಿಗೂ ಒಂದಿತ್ತು, ವಿಯು2ಆರ್‌ಜಿ.

ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗತ್ತೆ ಅಂತ ಲೈಸೆನ್ಸ್‌ಗೆ ಮೊದಲೇ ಸೆಟ್ ತರಿಸಬೇಡಿ. ಅದನ್ನ ಇಟ್ಟುಕೊಂಡು ಮಾತಾಡೋದು ಕಾನೂನಿಗೆ ವಿರುದ್ಧ. ಲೈಸೆನ್ಸ್ ಇದ್ದರೂ ವ್ಯಾಪಾರದ ಮಾತು ಆಡುವಂತಿಲ್ಲ.

ನನ್ನ ಪ್ರಶ್ನೆ ಸರ್ಕಾರಕ್ಕೂ ಇದೆ. ಗುಡ್ಡ ಕುಸಿಯುವ ತಾಲೂಕುಗಳು ಯಾವುವು ಅಂತ ನಮಗೆ ಗೊತ್ತು. ಅಲ್ಲಿನ ಒಂದೊಂದು ಕಾಲೇಜಿನಲ್ಲಿ ಒಂದೊಂದು ಹ್ಯಾಮ್ ಸ್ಟೇಷನ್ ಯಾಕಿರಬಾರದು? ಖರ್ಚು ದೊಡ್ಡದಲ್ಲ. ಆದರೆ ಸೆಟ್ ಕೊಂಡು ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ. ದಿನಾ ಸಂಜೆ ಮಾತಾಡಿ ಅಭ್ಯಾಸ ಇದ್ದವರಿಗೇ ಆಪತ್ತಿನಲ್ಲಿ ನಾಲಿಗೆ ತಿರುಗೋದು.

ನಮ್ಮ ಸ್ಟುಡಿಯೋ ಚರ್ಚೆಗಳನ್ನ ನೀವು ನೋಡಿದ್ದೀರಿ, ನಾಲ್ಕು ಜನ ಒಟ್ಟಿಗೇ ಕೂಗ್ತೀವಿ. ಹ್ಯಾಮ್ ರೇಡಿಯೋದಲ್ಲಿ ಅದು ನಡೆಯಲ್ಲ. ಒಬ್ಬರು ಗುಂಡಿ ಒತ್ತಿ ಮಾತಾಡ್ತಿದ್ದರೆ ಇನ್ನೊಬ್ಬರು ಕೇಳಲೇಬೇಕು. ಮುಗಿದಾಗ ‘ಓವರ್’ ಅನ್ನಬೇಕು. ನನ್ನ ಮಾತು ಮುಗೀತು, ಈಗ ನಿಮ್ಮ ಸರದಿ ಅಂತ ಅರ್ಥ.

ಓವರ್.