ಸಣ್ಣ ಸಾಲದ ದೊಡ್ಡ ಲೆಕ್ಕ

(ಕುಂದಾಪುರದಲ್ಲಿ ಸೇರಿದ್ದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಈ ಸಭೆಗೆ ಅಕ್ಕಿ ಗಿರಣಿಯಿಂದ, ಗೇರುಬೀಜದ ಕಾರ್ಖಾನೆಯಿಂದ ಬಂದವರಿದ್ದೀರಿ. ಗಂಗೊಳ್ಳಿಯಿಂದ ಬಂದ ಮೀನು ಮಾರುವ ತಾಯಂದಿರಿದ್ದೀರಿ. ಬೈಂದೂರು, ಬ್ರಹ್ಮಾವರಗಳ ಗೂಡಂಗಡಿಯವರು, ಸಂತೆ ವ್ಯಾಪಾರದವರು ಇದ್ದೀರಿ. ಕಸುಬು ಬೇರೆ ಬೇರೆಯಾದರೂ ನಿಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಇಂದು ಒಂದು ವಸ್ತು ಸಮಾನವಾಗಿ ಉಂಟು. ಅದು ಸಾಲದ ಕಂತಿನ ಪುಸ್ತಕ. ಅದರ ವಿಚಾರವಾಗಿಯೇ ನಾವು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಸಾಲವೇ ಬೇಡ ಎಂದು ಉಪದೇಶ ಮಾಡಲು ನಾವು ಇಲ್ಲಿ ನಿಂತಿಲ್ಲ. ದೊಡ್ಡ ಧಣಿಗಳು ಸಾಲವಿಲ್ಲದೆ ವ್ಯಾಪಾರ ಮಾಡುತ್ತಾರೆಯೇ? ಅವರು ತಂದ ಸಾಲಕ್ಕೆ ಬಂಡವಾಳವೆಂಬ ಮರ್ಯಾದೆಯ ಹೆಸರು. ಬುಟ್ಟಿ ಹೊತ್ತ ಹೆಂಗಸು ತಂದದ್ದು ಮಾತ್ರ ಬರೀ ಸಾಲ. ಬೆಳಗ್ಗೆ ಮೀನು ಕೊಳ್ಳಲು ಅವಳ ಕೈಯಲ್ಲೂ ಹಣ ಬೇಕು. ಅದು ಯಾವ ದರದಲ್ಲಿ ಸಿಗುತ್ತದೆ, ಲೆಕ್ಕ ಯಾರ ಕೈಯಲ್ಲಿರುತ್ತದೆ ಎಂಬುದೇ ಪ್ರಶ್ನೆ.

ಶಾಲೆಯಲ್ಲಿ ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸುತ್ತಿದ್ದವರು ನಾವು. ಆ ಹಳೆಯ ಅಭ್ಯಾಸದಿಂದ ಇಲ್ಲಿಯೂ ಎರಡು ಲೆಕ್ಕ ಮಾಡೋಣ.

ಒಬ್ಬನು ನಿಮಗೆ 10,000 ರೂಪಾಯಿ ಸಾಲ ಕೊಡುತ್ತೇನೆ, ನೂರಕ್ಕೆ ವರ್ಷಕ್ಕೆ 12 ರೂಪಾಯಿ ಬಡ್ಡಿ ಎನ್ನುತ್ತಾನೆ. ಬಡ್ಡಿ 1,200 ಸೇರಿ 11,200 ಆಯಿತು. ಅದನ್ನು 12 ತಿಂಗಳಿಗೆ ಹಂಚಿ, ತಿಂಗಳಿಗೆ 933 ರೂಪಾಯಿ ಕಟ್ಟಿ ಎನ್ನುತ್ತಾನೆ. ಕೇಳುವುದಕ್ಕೆ ಸರಿಯಾಗಿಯೇ ಉಂಟು. ಆದರೆ ಆ ಹತ್ತು ಸಾವಿರ ನಿಮ್ಮ ಕೈಯಲ್ಲಿ ವರ್ಷವಿಡೀ ಇತ್ತೇ? ಮೊದಲನೆಯ ತಿಂಗಳಿನಿಂದಲೇ ನೀವು ಅಸಲನ್ನು ಹಿಂದಕ್ಕೆ ಕೊಡುತ್ತಾ ಬಂದಿರಿ. ಸರಾಸರಿ ನೋಡಿದರೆ ನಿಮ್ಮ ಬಳಿ ಉಳಿದದ್ದು ಸುಮಾರು 5,400 ರೂಪಾಯಿ. ಬಡ್ಡಿ ಮಾತ್ರ ಪೂರಾ ಹತ್ತು ಸಾವಿರಕ್ಕೆ! ನಿಜವಾದ ದರ 12 ಅಲ್ಲ, 21ನ್ನು ದಾಟಿತು.

ಎರಡನೆಯದು ಪೇಟೆಯ ದಿನಗಂತಿಯ ಲೆಕ್ಕ. ಹತ್ತು ಸಾವಿರದ ಸಾಲವೆಂದು ಬರೆದುಕೊಂಡು, ಒಂದು ಸಾವಿರ ಮೊದಲೇ ಮುರಿದು, 9,000 ಕೈಗಿಡುತ್ತಾರೆ. ದಿನಕ್ಕೆ 100 ರೂಪಾಯಿಯಂತೆ 100 ದಿನ ಕಟ್ಟಬೇಕು. ಸಾವಿರ ತಾನೆ, ಹೋಗಲಿ ಎನ್ನುತ್ತೇವೆ. ಆದರೆ ಆ ನೂರು ದಿನಗಳಲ್ಲಿ ಸರಾಸರಿ ನಮ್ಮ ಕೈಯಲ್ಲಿದ್ದದ್ದು ನಾಲ್ಕೂವರೆ ಸಾವಿರ. ಅದಕ್ಕೆ ಸಾವಿರ ರೂಪಾಯಿ ಬಡ್ಡಿಯೆಂದರೆ ನೂರು ದಿನಕ್ಕೆ ನೂರಕ್ಕೆ 22. ವರ್ಷದ ಲೆಕ್ಕದಲ್ಲಿ ನೂರಕ್ಕೆ 80! ಎಲೆ ಅಡಿಕೆ ಮಾರುವ ಯಾವ ಅಂಗಡಿಯಲ್ಲಿ ಇಷ್ಟು ಲಾಭ ಉಂಟು? ದುಡಿದದ್ದು ನೀವು, ಉಂಡದ್ದು ಅವನು. ಇದು ಯಾರ ಹಣೆಬರಹವೂ ಅಲ್ಲ, ಬರೀ ಗಣಿತ.

ಹಾಗಾದರೆ ಬಡವನಿಗೆ ಬೇರೆ ದಾರಿ ಇಲ್ಲವೇ? ಇದೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೈಮಗ್ಗದ ಕಸುಬು ಕುಸಿದು ನಮ್ಮ ಕರಾವಳಿಯ ನೇಕಾರರು ಕಂಗಾಲಾಗಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಒಂದು ಬ್ಯಾಂಕು ಹುಟ್ಟಿತು. ಡಾಕ್ಟರ್ ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಈ ಮೂವರು 8,000 ರೂಪಾಯಿ ಮೂಲಧನದಿಂದ ಅದನ್ನು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ್ದು ಅದೇ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಏಜೆಂಟನು ದಿನವೂ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಎತ್ತಿಕೊಂಡು ಹೋಗುತ್ತಿದ್ದನು. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವನೂ ಹೀಗೆ ಲೆಕ್ಕದ ಪುಸ್ತಕವುಳ್ಳವನಾದನು. ಇಂದಿಗೂ ನಮ್ಮ ಸಹಕಾರಿ ಸಂಘಗಳಲ್ಲಿ ಪಿಗ್ಮಿ ಉಂಟು, ನಿಮ್ಮಲ್ಲಿ ಹಲವರು ಕಟ್ಟುತ್ತಲೂ ಇದ್ದೀರಿ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪಿಗ್ಮಿಯವನು ಬಾಗಿಲಿಗೆ ಬಂದರೆ ಮನೆಯವಳು ಧಣಿ, ಅವನು ಅವಳ ಹಣ ಕಾಯುವ ಆಳು. ಕಂತಿನವನು ಬಾಗಿಲಿಗೆ ಬಂದರೆ ಅವನೇ ಧಣಿ. ಬಾಗಿಲು ಅದೇ, ದುಡಿಮೆಯ ದುಡ್ಡೂ ಅದೇ; ಆದರೆ ಒಂದರಲ್ಲಿ ಬಡ್ಡಿ ನಮಗೆ ಬರುತ್ತದೆ, ಇನ್ನೊಂದರಲ್ಲಿ ನಮ್ಮಿಂದ ಹೋಗುತ್ತದೆ.

ಹನಿ ಹನಿ ಕೂಡಿ ಹಳ್ಳವಾದ ಮೇಲೆ ಆ ನೀರು ಯಾರ ಗದ್ದೆಗೆ ಹರಿಯಬೇಕು? ಬಡವರು ಕೂಡಿಟ್ಟ ಹಣ ದೊಡ್ಡವರ ಉದ್ಯಮಕ್ಕೇ ಸಾಲವಾಗಿ ಹೋಗಬಾರದೆಂಬ ಕೂಗು ದೇಶದಲ್ಲೆಲ್ಲ ಎದ್ದಿತ್ತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದವು. ನಮ್ಮ ಕರಾವಳಿಯ ಸಿಂಡಿಕೇಟ್, ಕೆನರಾ ಎರಡೂ ಅದರಲ್ಲಿದ್ದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಹೊಣೆ ಹೋಗಿಲ್ಲ. ಬ್ಯಾಂಕುಗಳು ತಮ್ಮ ಸಾಲದಲ್ಲಿ ನೂರಕ್ಕೆ 40 ಪಾಲನ್ನು ಬೇಸಾಯ, ಸಣ್ಣ ಉದ್ಯಮ ಮೊದಲಾದ ಆದ್ಯತೆಯ ರಂಗಗಳಿಗೆ ಕೊಡಬೇಕೆಂಬ ನಿಯಮ ಇಂದಿಗೂ ಉಂಟು.

ಹೊರಗಿನ ಲೋಕದ ಅನುಭವವನ್ನೂ ನೋಡೋಣ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಎಂಬ ಅಧ್ಯಾಪಕರು 42 ಮಂದಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟರು. ಬಿದಿರಿನ ಮಣೆ ಹೆಣೆಯುವ ಹೆಂಗಸರು ಬಿದಿರು ಕೊಳ್ಳಲು ದಲ್ಲಾಳಿಯ ಹಂಗಿನಲ್ಲಿ ಇದ್ದುದನ್ನು ಅವರು ಕಂಡಿದ್ದರು. ಇದರಿಂದ ಬೆಳೆದ ಗ್ರಾಮೀಣ ಬ್ಯಾಂಕು 1983ರಲ್ಲಿ ಸ್ಥಾಪನೆಯಾಯಿತು; 2006ರಲ್ಲಿ ಇಬ್ಬರಿಗೂ ನೊಬೆಲ್ ಶಾಂತಿ ಪಾರಿತೋಷಕ ಬಂತು. ಬಡವನಿಗೆ ಕೊಟ್ಟ ಸಾಲ ಹಿಂದಕ್ಕೆ ಬರುತ್ತದೆಂದು ಲೋಕಕ್ಕೆ ತಿಳಿಯಿತು. ತಿಳಿದ ಕೂಡಲೇ ಲಾಭದವರೂ ಬಂದರು. ಆಂಧ್ರದಲ್ಲಿ ಒಂದೇ ಮನೆಗೆ ಮೂರು ನಾಲ್ಕು ಕಂಪೆನಿಗಳು ಸಾಲ ಸುರಿದವು. ಒಂದರ ಕಂತಿಗೆ ಇನ್ನೊಂದರ ಸಾಲ. ವಸೂಲಿಯ ಕಾಟ, ಆತ್ಮಹತ್ಯೆಗಳ ಸುದ್ದಿ. ಕೊನೆಗೆ 2010ರ ಅಕ್ಟೋಬರಿನಲ್ಲಿ ಅಲ್ಲಿನ ಸರಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಅದೇ ಸೀಮೆಯ ಹೈದರಾಬಾದಿನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು 104 ಕೇರಿಗಳನ್ನು ಆರಿಸಿಕೊಂಡು, ಅರ್ಧದಷ್ಟು ಕೇರಿಗಳಲ್ಲಿ ಸಾಲದ ಶಾಖೆ ಮೊದಲು ತೆರೆಯಿಸಿ ಪರೀಕ್ಷೆ ಮಾಡಿದರು. 2015ರಲ್ಲಿ ಪ್ರಕಟವಾದ ಫಲವೇನು? ಮೊದಲೇ ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರಕ್ಕೆ ಸಾಲ ನೆರವಾಯಿತು. ಆದರೆ ಸಾಮಾನ್ಯ ಮನೆಯ ಒಟ್ಟು ಖರ್ಚುವೆಚ್ಚ ಮೇಲೇರಲಿಲ್ಲ. ಅಂದರೆ ನಡೆಯುವ ಅಂಗಡಿಗೆ ಸಾಲ ಊರುಗೋಲಾದೀತು, ಇಲ್ಲದ ಅಂಗಡಿಯನ್ನು ಅದು ಹುಟ್ಟಿಸಲಾರದು. ಕಡಿಮೆ ಕೂಲಿಗೆ ಸಾಲ ಮದ್ದಲ್ಲ. ಗಿರಣಿಯ ಕೂಲಿ ಮನೆಗೆ ಸಾಲದೆ ಬಂದರೆ ಕೂಲಿಯನ್ನು ಹೆಚ್ಚಿಸಬೇಕೇ ಹೊರತು, ಆ ಸಂದನ್ನು ಕಂತಿನ ಸಾಲದಿಂದ ತುಂಬಿಸಬಾರದು.

ಇನ್ನು ನಮ್ಮ ಕಡಲ ಕರೆಯ ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರನ್ನೂ ಆಷಾಢದ ಕಡಲು ದಿನಗಟ್ಟಲೆ ದಡದಲ್ಲೇ ಕೂರಿಸುತ್ತದೆ. ಗಂಗೊಳ್ಳಿಯ ಬಂದರು ಬರಿದು, ಬುಟ್ಟಿ ಬರಿದು. ಸಂತೆಗೆ ಬರುವವರೂ ಕಡಿಮೆ. ಆದರೆ ವಾರದ ಕಂತಿಗೆ ಮಳೆಗಾಲವಿಲ್ಲ! ಆ 61 ದಿನಗಳಲ್ಲಿ ಎಂಟು ಒಂಬತ್ತು ಕಂತು ತಪ್ಪದೆ ಬರುತ್ತದೆ. ಮೀನು ಮಾರದವಳು ಆ ಕಂತನ್ನು ಎಲ್ಲಿಂದ ಕಟ್ಟಬೇಕು? ಇನ್ನೊಂದು ಸಾಲದಿಂದ, ಇಲ್ಲವೆ ಕಿವಿಯ ಓಲೆಯಿಂದ. ಬೇಸಾಯಗಾರನಿಗೆ ಬೆಳೆ ಬಂದ ಮೇಲೆ ತೀರಿಸುವ ಬೆಳೆಸಾಲ ಉಂಟು. ಮೀನಿನ ಬುಟ್ಟಿಗೆ ಮಾತ್ರ ಅಂಥ ಹಂಗಾಮು ಏಕೆ ಇರಬಾರದು? ಈ ಊರಿನಲ್ಲಿ ಸಾಲ ಕೊಡುವವರು ಈ ಊರಿನ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದು ನಮ್ಮ ನ್ಯಾಯವಾದ ಬೇಡಿಕೆ.

ಕಾನೂನು ಏನು ಹೇಳುತ್ತದೆಂದು ತಿಳಿದುಕೊಂಡಿರಿ. 2022ರ ಏಪ್ರಿಲಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವುಳ್ಳ ಮನೆಗೆ ಕೊಡುವ ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬಡ್ಡಿ, ಶುಲ್ಕ ಎಲ್ಲವನ್ನೂ ಬರೆದ ಚೀಟಿಯನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನು ಮಾಡುವಂತಿಲ್ಲ. ಬೆದರಿಕೆ, ಬೈಗುಳ, ನೆಂಟರ ಮನೆಗೆ ಹೋಗಿ ಮಾನ ಕಳೆಯುವುದು ಯಾವುದೂ ಸಲ್ಲದು. ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಗೊತ್ತುಮಾಡಿ ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದೇ ವರ್ಷ ವಿಧಾನಮಂಡಲ ಅದನ್ನು ಕಾಯಿದೆ ಮಾಡಿತು. ಆದರೆ ಕೇಳುವವರಿಲ್ಲದಿದ್ದರೆ ಕಾಯಿದೆ ಪುಸ್ತಕದಲ್ಲೇ ಮಲಗಿರುತ್ತದೆ.

ಆದ್ದರಿಂದ ನಾವು ಮಾಡಬೇಕಾದ್ದು ಮೂರು. ಒಂದು, ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಕೈಗೆ ಬರುವುದೆಷ್ಟು, ಒಟ್ಟು ಕಟ್ಟುವುದೆಷ್ಟು, ಬಡ್ಡಿ ಉಳಿದ ಅಸಲಿಗೋ ಮೊದಲಿನ ಅಸಲಿಗೋ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಓದು ಬಾರದ ನೆರೆಯವರಿಗೆ ಓದಿ ಹೇಳುವುದು ಓದು ಬಂದವರ ಕರ್ತವ್ಯ.

ಎರಡು, ಸರಕಾರದ ಸಾಲ ನಮ್ಮದೇ ಹಕ್ಕು. 2015ರಿಂದ ಇರುವ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಶಿಶು ಸಾಲಕ್ಕೆ ಅಡವಿಲ್ಲ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆಂದು ಬಂದ ಸ್ವನಿಧಿ ಯೋಜನೆಯ ಮೊದಲ ಸಾಲವನ್ನು 2025ರಲ್ಲಿ 10,000ದಿಂದ 15,000ಕ್ಕೆ ಏರಿಸಿದ್ದಾರೆ. ಕ್ರಮವಾಗಿ ತೀರಿಸಿದವರಿಗೆ ಬಡ್ಡಿಯಲ್ಲಿ ನೂರಕ್ಕೆ 7ರ ಸಹಾಯ ಉಂಟು. ಪುರಸಭೆಗೂ ಬ್ಯಾಂಕಿಗೂ ಒಬ್ಬೊಬ್ಬರೇ ಹೋದರೆ ನಾಳೆ ಬನ್ನಿ ಎಂದಾರು. ಇಪ್ಪತ್ತು ಮಂದಿ ಒಟ್ಟಿಗೆ ಹೋದರೆ ಕುರ್ಚಿ ಕೊಟ್ಟು ಮಾತಾಡುತ್ತಾರೆ.

ಮೂರು, ಸ್ವಂತದ ಉಳಿತಾಯ. ನಮ್ಮ ರಾಜ್ಯದಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಗುಂಪುಗಳ ಅನುಭವದಿಂದ ಕಲಿತೇ ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಅಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಆದರೆ ಒಂದು ಎಚ್ಚರ. ಕಂತು ತಪ್ಪಿದವಳ ಮನೆಯೆದುರು ಗುಂಪಿನವರೇ ಕೂತು ಕಾಡುವಂತಾದರೆ ಅದು ಸಂಘವಲ್ಲ, ಸಂಬಳವಿಲ್ಲದ ವಸೂಲಿ ಪಡೆ. ಮಳೆಗಾಲದಲ್ಲಿ ಒಬ್ಬಳ ಕಂತನ್ನು ಹತ್ತು ಮಂದಿ ಹೊತ್ತು, ಕಡಲು ತೆರೆದ ಮೇಲೆ ಅವಳಿಂದ ತುಂಬಿಸಿಕೊಂಡರೆ ಅದು ನಿಜವಾದ ಸಂಘ.

ಬಂಧುಗಳೇ, ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ನಿಮ್ಮ ಕಂತಿನ ಪುಸ್ತಕವನ್ನು ತೆಗೆದುಕೊಂಡು ಬನ್ನಿ. ನಾಚಿಕೆ ಬೇಡ. ಸಾಲ ಮಾಡಿದ್ದು ಕಳ್ಳತನವಲ್ಲ. ಒಂದೊಂದನ್ನೇ ಬಿಚ್ಚಿ, ಎಲ್ಲರೆದುರು ಕೂಡಿ ಕಳೆದು ನೋಡೋಣ. ಲೆಕ್ಕ ತಿಳಿದವನನ್ನು ಮೋಸ ಮಾಡುವುದು ಕಷ್ಟ. ಲೆಕ್ಕ ತಿಳಿದ ನೂರು ಮಂದಿಯನ್ನು ಹೆದರಿಸುವುದು ಇನ್ನೂ ಕಷ್ಟ.